ಆಟಿ ತಿಂಗಳ ಸ್ಕಾ

“ಯಾವ ಸ್ಕೇಲ್?” ಅಂತ ಮಾಸ್ಟ್ರು ಕೇಳಿದರು.

“ಇ ಮೇಜರ್” ಅಂದೆ.

ಅವರು ಟ್ರಂಪೆಟನ್ನು ಮೆಲ್ಲಗೆ ಪೆಟ್ಟಿಗೆಗೆ ಹಾಕಿದರು. “ಹಾಗಾದರೆ ನೀನೇ ಊದು ಮಾರಾಯ.”

2016ರ ಮಳೆಗಾಲ. ಜೆಪ್ಪುವಿನ ಹತ್ತಿರ ಒಂದು ಹಳೆ ಹಂಚಿನ ಮನೆಯ ಚಾವಡಿ. ಮಂಗಳೂರಿನಲ್ಲಿ ಸ್ಕಾ, ಅಂದರೆ ಜಮೈಕಾದ ಕುಣಿತದ ಸಂಗೀತ, ನುಡಿಸುತ್ತೇವೆ ಅಂತ ಹೊರಟ ಆರು ಜನ ನಾವು. ಮೊದಲ ಪ್ರಾಕ್ಟೀಸು ಹತ್ತು ನಿಮಿಷಕ್ಕೆ ಮುಗಿಯಿತು. ತಪ್ಪು ನನ್ನದೇ. ಗಿಟಾರಿನವರಿಗೆ ಇ, ಎ ಅಂದರೆ ನಿದ್ದೆಗಣ್ಣಲ್ಲೂ ಬರುವ ಸ್ಕೇಲು. ಆದರೆ ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ, ಅಂದರೆ ಅವರು ಸಿ ಅಂತ ಊದಿದ್ದು ಕೇಳುವವರಿಗೆ ಬಿ ಫ್ಲ್ಯಾಟ್. ನನ್ನ ಇ ಅವರಿಗೆ ಎಫ್ ಶಾರ್ಪ್ ಆಗುತ್ತದೆ, ಅದರಲ್ಲಿ ಆರು ಶಾರ್ಪು, ಅಂದರೆ ಅರ್ಧ ಮೆಟ್ಟಿಲು ಏರಿಸಿ ಊದಬೇಕಾದ ಸ್ವರಗಳು ಆರು. ಆಲ್ಟೊ ಸ್ಯಾಕ್ಸೊಫೋನಿನವನ ಪಾಡು ಇನ್ನೂ ಕಷ್ಟ. ಅವನಿಗೆ ಸಿ ಶಾರ್ಪ್, ಏಳು ಶಾರ್ಪು. ಮದುವೆ ಮೆರವಣಿಗೆಯಲ್ಲಿ ನಲವತ್ತು ವರ್ಷ ಊದಿದ ಮನುಷ್ಯನಿಗೆ ಇದನ್ನು ಕೊಟ್ಟರೆ ಪೆಟ್ಟಿಗೆ ಮುಚ್ಚದೆ ಇನ್ನೇನು ಮಾಡ್ತಾರೆ?

ಮುಂದಿನ ವಾರ ಎಲ್ಲ ಹಾಡನ್ನೂ ಬಿ ಫ್ಲ್ಯಾಟಿಗೆ ತಂದೆ. ಮಾಸ್ಟ್ರಿಗೆ ಅದು ಸಿ ಮೇಜರ್, ಆಲ್ಟೊದವನಿಗೆ ಜಿ. ನನಗೆ ಆರನೇ ಫ್ರೆಟ್ಟಿನಲ್ಲಿ ಬಾರ್ ಕಾರ್ಡ್, ಅಂದರೆ ಒಂದೇ ಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತಿ ಹಿಡಿಯುವುದು. ಬೆರಳು ನೋಯುತ್ತದೆ, ನಿಜ. ಆದರೆ ಸ್ಕಾಗೆ ಬೇಕಾದದ್ದೂ ಅದೇ. ಬೆರಳಿಡದ ತಂತಿ ಇದ್ದರೆ ಶಬ್ದ ಉದ್ದಕ್ಕೆ ಎಳೆಯುತ್ತದೆ. ಬಾರ್ ಕಾರ್ಡಿನಲ್ಲಿ ಎಡಗೈ ಸ್ವಲ್ಪ ಸಡಿಲಿಸಿದರೆ ಸಾಕು, ಶಬ್ದ ಅಲ್ಲೇ ತುಂಡಾಗುತ್ತದೆ. ಚಕ್. ಅಷ್ಟೇ ಇರಬೇಕು.

ಊರಲ್ಲಿ ಸ್ಕಾ ಬ್ಯಾಂಡು ಕಟ್ಟುವ ಆಸೆ ಯಾರಿಗಾದರೂ ಇದ್ದರೆ ನಾನು ಮೊದಲು ಹೇಳುವುದು ಇದನ್ನೇ. ಊದುವವರು ಮೊದಲು, ಗಿಟಾರು ಆಮೇಲೆ. ನಾನು ತಿರುಗಾಮುರುಗಾ ಮಾಡಿ ಎರಡು ವರ್ಷ ಕಳೆದುಕೊಂಡೆ.

ಸ್ಕಾ ನನ್ನ ಕಿವಿಗೆ ಬಿದ್ದದ್ದು ಹಡಗಿನಿಂದ. ದೊಡ್ಡಮ್ಮನ ಮಗ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿದ್ದ. ಜಮೈಕಾದ ಓಚೊ ರಿಯೋಸ್ ಬಂದರಿಗೆ ಅವರ ಹಡಗು ಹೋಗುತ್ತಿತ್ತು. ರಜೆಗೆ ಬಂದವನು ಒಂದು ಪೆನ್‌ಡ್ರೈವ್ ಕೊಟ್ಟು, “ರೆಗ್ಗೆ ಅಲ್ಲ, ರೆಗ್ಗೆಯ ಅಜ್ಜ” ಅಂದ. ಮಾತು ಸರಿಯೇ. ಬಾಬ್ ಮಾರ್ಲಿಯ ವೇಲರ್ಸ್ ಕೂಡ ಶುರು ಮಾಡಿದ್ದು ಸ್ಕಾದಿಂದ. 1950ರ ದಶಕದ ಕೊನೆಯಲ್ಲಿ ಕಿಂಗ್ಸ್‌ಟನ್ನಿನ ಬೀದಿಗಳಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಅಮೆರಿಕದ ರೆಕಾರ್ಡು ಹಾಕಿ ಜನರನ್ನು ಕುಣಿಸುತ್ತಿದ್ದರು. ಅದಕ್ಕೆ ಸೌಂಡ್ ಸಿಸ್ಟಂ ಅಂತಲೇ ಹೆಸರು. ಅಮೆರಿಕದಲ್ಲಿ ರುಚಿ ಬದಲಾಗಿ, ಕುಣಿಯುವವರಿಗೆ ಬೇಕಾದಂಥ ರೆಕಾರ್ಡು ಬರುವುದು ಕಡಿಮೆಯಾಯಿತು. ಆಗ ಸೌಂಡ್ ಸಿಸ್ಟಮ್ಮಿನವರೇ ಊರಿನ ವಾದ್ಯದವರನ್ನು ಕರೆದು ರೆಕಾರ್ಡ್ ಮಾಡಿಸಿದರು. ಕಾಕ್ಸನ್ ಡಾಡ್, ಡ್ಯೂಕ್ ರೀಡ್, ಪ್ರಿನ್ಸ್ ಬಸ್ಟರ್ ಇವರೆಲ್ಲ ಹಾಗೆ ಬಂದವರು. ಒಂದು ಲೆಕ್ಕದಲ್ಲಿ ನಮ್ಮ ಮೈಕ್ ಸೆಟ್ಟಿನವರೇ ಮ್ಯೂಸಿಕ್ ಕಂಪನಿ ತೆರೆದ ಹಾಗೆ.

ತಾಳದ ಪೆಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹುಡುಗರಿಗೆ ಇಂಗ್ಲಿಷಿನಲ್ಲಿ ಆಫ್‌ಬೀಟ್ ಅಂತ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ “ತಕ ತಕ ತಕ ತಕ ಅನ್ನಿ” ಅಂದೆ. “ತ ಬರುವಾಗ ಕಾಲು ಕುಟ್ಟಿ, ಗಿಟಾರು ಸುಮ್ನಿರಲಿ. ಕ ಬರುವಾಗ ಗಿಟಾರು ಹೊಡೆಯಿರಿ.” ಮೇಲ್ಮುಖವಾಗಿ, ಸಣ್ಣ ಮೂರು ತಂತಿಗೆ ಮಾತ್ರ. ಐದು ನಿಮಿಷದಲ್ಲಿ ಬಂತು. ಈಗಲೂ ಹೊಸ ಹುಡುಗರು ಬಂದರೆ ಮೊದಲ ದಿನ ವಾದ್ಯ ಮುಟ್ಟಲು ಬಿಡುವುದಿಲ್ಲ. ತಕ ತಕ ಹೇಳಿಕೊಂಡು ಚಾವಡಿಯಲ್ಲಿ ಸುತ್ತು ಹಾಕಬೇಕು. ಹೊರಗಿನಿಂದ ನೋಡಿದವರಿಗೆ ನಾವು ಭಜನಾ ಮಂಡಳಿಯೋ ಹುಚ್ಚರೋ ಅಂತ ಸಂಶಯ.

ಡ್ರಮ್ಮಿನವನದ್ದು ಬೇರೆ ಕಥೆ. ಅವನು ಕೊಂಕಣಿ ಮದುವೆಗಳ ಕುಣಿತದ ಹಾಡು ಬೈಲಾದಲ್ಲಿ ಬೆಳೆದವನು. ಬೈಲಾ ಅಂದರೆ ಮೂರು ಮೂರರ ಎರಡು ಗುಂಪು, ಆರರ ಲೆಕ್ಕ. ಸ್ಕಾ ನಾಲ್ಕರ ಲೆಕ್ಕ. ತಾಳದ ನಾಲ್ಕು ಸುತ್ತು ಸರಿಯಾಗಿ ನುಡಿಸಿ ಐದನೆಯದಕ್ಕೆ ಬೈಲಾಗೆ ಜಾರಿಬಿಡುತ್ತಿದ್ದ. ನಾನು ಬೈದೆ. ಆಮೇಲೆ ಹಳೆಯ ರೆಕಾರ್ಡುಗಳನ್ನು ಸರಿಯಾಗಿ ಕೇಳಿದರೆ, ಅಲ್ಲೂ ಆ ‘ಕ’ ಎರಡು ‘ತ’ಗಳ ನಡುಮಧ್ಯಕ್ಕೆ ಬೀಳುವುದಿಲ್ಲ. ಒಂದು ಕೂದಲೆಳೆಯಷ್ಟು ತಡವಾಗಿ, ಮೂರರ ಕಡೆಗೆ ವಾಲಿಕೊಂಡು ಬೀಳುತ್ತದೆ. ಆ ವಾಲುವಿಕೆ ನಮ್ಮವನ ಕೈಯಲ್ಲಿ ಮೊದಲೇ ಇತ್ತು! ಟಿಕ್ ಟಿಕ್ ಅಂತ ತಾಳ ಎಣಿಸುವ ಕಂಪ್ಯೂಟರಿನ ಮೆಟ್ರೊನೋಮ್ ಹಾಕಿ ನಾನೇ ಅದನ್ನು ನೇರ ಮಾಡಲು ಹೊರಟಿದ್ದೆ. ಮೆಟ್ರೊನೋಮ್ ತೆಗೆದ ದಿನ ಹಾಡು ಕುಣಿಯಿತು.

ಮಾಸ್ಟ್ರನ್ನು ಒಳಗೆ ಎಳೆದದ್ದು ಹಾಡಲ್ಲ, ಒಂದು ಶಾಲೆಯ ಕಥೆ. ಅವರು ಬರುತ್ತಿದ್ದದ್ದೇ ನನ್ನ ದಾಕ್ಷಿಣ್ಯಕ್ಕೆ. ಒಂದು ಸಂಜೆ ಚಾ ಕುಡಿಯುವಾಗ ಕಿಂಗ್ಸ್‌ಟನ್ನಿನ ಆಲ್ಫಾ ಬಾಯ್ಸ್ ಸ್ಕೂಲಿನ ಬಗ್ಗೆ ಹೇಳಿದೆ. 1880ರಲ್ಲಿ ಶುರುವಾದದ್ದು. ಬಡ ಹುಡುಗರಿಗೆ ಅಂತ ಕ್ಯಾಥೊಲಿಕ್ ಸಿಸ್ಟರುಗಳು ನಡೆಸುತ್ತಿದ್ದ ಶಾಲೆ. ಅಲ್ಲಿನ ಬ್ಯಾಂಡಿನಲ್ಲಿ ಕಲಿತ ನಾಲ್ವರು, ಟಾಮಿ ಮೆಕುಕ್, ಡಾನ್ ಡ್ರಮಂಡ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್, 1964ರಲ್ಲಿ ಸ್ಕಾಟಲೈಟ್ಸ್ ಕಟ್ಟಿದವರಲ್ಲಿ ಇದ್ದರು. ಆ ಬ್ಯಾಂಡು ಮೊದಲ ಸುತ್ತಿನಲ್ಲಿ ಒಂದೂವರೆ ವರ್ಷವೂ ಬಾಳಲಿಲ್ಲ, ಆದರೆ ಈಗಲೂ ಸ್ಕಾ ಅಂದರೆ ಅವರೇ. ಬ್ಯಾಂಡನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮೇರಿ ಇಗ್ನೇಷಿಯಸ್ ಹತ್ತಿರ ರೆಕಾರ್ಡುಗಳ ರಾಶಿಯೇ ಇತ್ತು. ಹುಡುಗರಿಗೆ ಅವರೇ ಹಾಕಿ ಕೇಳಿಸುತ್ತಿದ್ದರು.

ಮಾಸ್ಟ್ರು ಲೋಟ ಕೆಳಗಿಟ್ಟರು. “ಸಿಸ್ಟರಾ? ರೆಕಾರ್ಡು ಹಾಕುತ್ತಿದ್ದರಾ?”

ಅವರೂ ಕಲಿತದ್ದು ಚರ್ಚಿನ ಬ್ಯಾಂಡಿನಲ್ಲೇ. ಹಬ್ಬದ ಮೆರವಣಿಗೆಯಲ್ಲಿ ಬರಿಗಾಲಲ್ಲಿ ಊದಿಕೊಂಡು ಹೋದವರು. ಮರುದಿನ ಬೆಳಿಗ್ಗೆ ಫೋನ್ ಮಾಡಿ, “ಆ ಟ್ರೊಂಬೋನಿನವನದ್ದು ಇನ್ನೊಂದು ಕಳಿಸು” ಅಂದರು. ಡಾನ್ ಡ್ರಮಂಡನದ್ದು ಕಳಿಸಿದೆ. ಮುಂದಿನ ಪ್ರಾಕ್ಟೀಸಿಗೆ ತಮ್ಮ ಬ್ಯಾಂಡಿನ ಟ್ರೊಂಬೋನಿನವರನ್ನೂ ಕರೆದುಕೊಂಡು ಬಂದರು. ನಾವು ಏಳು ಜನ ಆದೆವು.

ಮೊದಲ ಕಾರ್ಯಕ್ರಮ ಒಂದು ಪಬ್ಬಿನಲ್ಲಿ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹುಡುಗರು ಬ್ರಿಟನ್ನಿನಲ್ಲಿ ಸ್ಕಾ ಮತ್ತೆ ಎದ್ದ ಟೂ ಟೋನ್ ಕಾಲದ ಫೋಟೋ ನೋಡಿ ಕಪ್ಪು ಬಿಳಿ ಚೌಕುಳಿ ಶರ್ಟು ಹೊಲಿಸಿದ್ದರು. 1979ರ ಕಾವೆಂಟ್ರಿಯಲ್ಲಿ ಕಪ್ಪು ಹುಡುಗರೂ ಬಿಳಿ ಹುಡುಗರೂ ಒಂದೇ ಬ್ಯಾಂಡಿನಲ್ಲಿ ನಿಂತಾಗ ಆ ಬಟ್ಟೆಗೆ ಅರ್ಥ ಇತ್ತು. ಇಲ್ಲಿ ನಮ್ಮನ್ನು ನೋಡಿದ ಒಬ್ಬರು ಬಿಲ್ಲು ಕೇಳಿದರು. ಮಾಸ್ಟ್ರು ಬಂದದ್ದು ಬ್ಯಾಂಡಿನ ಯೂನಿಫಾರ್ಮಿನಲ್ಲೇ, ಕೆಂಪು ಕೋಟು, ಭುಜಕ್ಕೆ ಜರಿ. ಜನ ಫೋಟೋ ತೆಗೆದದ್ದು ಅವರದ್ದು ಮಾತ್ರ. ನಾನು ಪ್ರತಿ ಹಾಡಿಗೆ ಮೊದಲು ಜಮೈಕಾದ ಇತಿಹಾಸ ಹೇಳುತ್ತಿದ್ದೆ. ನಾಲ್ಕನೇ ಹಾಡಿಗೆ ಮ್ಯಾನೇಜರ್ ಬಂದು ಹಿಂದಿ ಹಾಡು ಬರುತ್ತದಾ ಅಂತ ಕೇಳಿದ.

ಆರು ತಿಂಗಳಾದ ಮೇಲೆ ಕಿನ್ನಿಗೋಳಿ ಕಡೆ ಒಂದು ರೋಸ್. ಮದುವೆಯ ಹಿಂದಿನ ದಿನ ವಧುವಿಗೋ ವರನಿಗೋ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು, ಆಮೇಲೆ ಅಂಗಳದಲ್ಲಿ ಕುಣಿತ. ಮಾಸ್ಟ್ರ ಬ್ಯಾಂಡಿಗೆ ಗಿಟಾರಿನವನು ಕೈಕೊಟ್ಟಿದ್ದ, ನಾನು ಹೋಗಿದ್ದೆ. ಬೈಲಾ ಬೈಲಾ ಬೈಲಾ. ಮೂರನೆಯದು ಮುಗಿಯುತ್ತಿದ್ದ ಹಾಗೆ ಮಾಸ್ಟ್ರು ನನ್ನ ಕಡೆ ತಿರುಗಿ, “ಬಿ ಫ್ಲ್ಯಾಟ್, ನಮ್ಮ ಎರಡನೇದು” ಅಂದರು. ನಾನು “ಇಲ್ಲಿಯಾ?” ಅನ್ನುವಷ್ಟರಲ್ಲಿ ಊದಿ ಆಗಿತ್ತು. ಅಂಗಳದಲ್ಲಿ ಯಾರೂ ನಿಲ್ಲಲಿಲ್ಲ. ಒಬ್ಬ ಅಜ್ಜಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಣಕಾಲು ಎತ್ತಿ ಎತ್ತಿ ಕುಣಿದರು. ಸ್ಕಾ ಕುಣಿತ ಹಾಗೇ ಇರುವುದು! ಅವರಿಗೆ ಯಾರು ಕಲಿಸಿದ್ದು?

ವಾಪಸ್ ಬರುವಾಗ ವ್ಯಾನಿನಲ್ಲಿ ಮಾಸ್ಟ್ರು ಅಂದರು: “ಸ್ಕಾ ಅಂತ ಹೇಳಲಿಕ್ಕೆ ಹೋಗಬೇಡ. ಸುಮ್ನೆ ನುಡಿಸು.” ಆಮೇಲಿಂದ ನಾನು ಮೈಕಿನಲ್ಲಿ ಇತಿಹಾಸ ಹೇಳುವುದನ್ನು ಬಿಟ್ಟೆ. ಇಲ್ಲಿ ಬರೆಯುತ್ತಿರುವುದು ಆ ತೀಟೆಗೇ ಇರಬೇಕು.

ಇನ್ನು ಡೇಟಿನ ತಲೆನೋವು. ಊದುವವರು ಒಳ್ಳೆಯವರಾದಷ್ಟೂ ಸಿಗುವುದಿಲ್ಲ. ಜನವರಿಯಿಂದ ಮೇವರೆಗೆ ಅವರ ಡೈರಿ ತುಂಬಿರುತ್ತದೆ. ಒಂದು ಮದುವೆ ಬಿಟ್ಟು ನಮ್ಮ ಜೊತೆ ಬಂದರೆ ಅವರ ಮನೆಗೆ ನಷ್ಟ. ಹಾಗಾಗಿ ನಾವು ಒಂದು ನಿಯಮ ಮಾಡಿದೆವು. ಬಂದ ದುಡ್ಡಿನಲ್ಲಿ ಮೊದಲು ಊದುವವರಿಗೆ ಒಬ್ಬೊಬ್ಬರಿಗೆ 1500 ರೂಪಾಯಿ. ಉಳಿದರೆ ನಮಗೆ. ಎಷ್ಟೋ ಸಲ ಉಳಿಯಲಿಲ್ಲ. ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ ಕ್ರೈಸ್ತರ ಮದುವೆ ಇಲ್ಲ, ಎಲ್ಲರೂ ಖಾಲಿ. ಖುಷಿಯಲ್ಲಿ ಒಂದು ಹಾಲ್ ಕೇಳಲು ಹೋದೆ. “ತಪಸ್ಸಿನ ಕಾಲದಲ್ಲಿ ಡ್ಯಾನ್ಸಾ?” ಅಂತ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸರಿ, ಆ ನಲವತ್ತು ದಿನ ಪ್ರಾಕ್ಟೀಸಿಗೆ ಇಟ್ಟುಕೊಂಡೆವು.

ಉಳಿದದ್ದು ಆಟಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರಲ್ಲಿ ಮದುವೆ ಮುಂಜಿ ಇಲ್ಲ. ಮೈಕ್ ಸೆಟ್ಟಿನವರು ಖಾಲಿ, ಹಾಲ್‌ಗಳು ಖಾಲಿ, ಅಡುಗೆಯವರೂ ಖಾಲಿ. ಹೊರಗೆ ಧೋ ಅಂತ ಮಳೆ, ಮನೆಯಲ್ಲಿ ಕೂತವರಿಗೂ ಬೇಜಾರು. 2018ರ ಆಗಸ್ಟ್ 4, ಶನಿವಾರ, ಒಂದು ಸಣ್ಣ ಹಾಲ್ ಹಿಡಿದೆವು. ಟಿಕೆಟು 150 ರೂಪಾಯಿ, ಅದರಲ್ಲೇ ಚಾ ಮತ್ತು ಪತ್ರೊಡೆ. ಜನ ಪತ್ರೊಡೆಗೆ ಬಂದರು ಅಂತ ನನ್ನ ಹೆಂಡತಿಯ ವಾದ. ಇರಬಹುದು. ಇನ್ನೂರು ಕುರ್ಚಿ ಹಾಕಿಸಿದ್ದೆವು, ಮೂರನೇ ಹಾಡಿಗೆ ಅವನ್ನು ಗೋಡೆಗೆ ಒರಗಿಸಬೇಕಾಯಿತು. ರಾತ್ರಿ ದೊಡ್ಡಮ್ಮನ ಮಗನ ಫೋನು. “ಸೋಮವಾರ ಜಮೈಕಾದಲ್ಲಿ ಸ್ವಾತಂತ್ರ್ಯ ದಿನ, ಗೊತ್ತುಂಟಾ ನಿನಗೆ?” ಗೊತ್ತಿರಲಿಲ್ಲ. 1962ರ ಆಗಸ್ಟ್ 6. ಆ ವರ್ಷದ ಕುಣಿತವೆಲ್ಲ ಸ್ಕಾದ್ದೇ. ಅಂದಿನಿಂದ ನಮ್ಮ ಕಾರ್ಯಕ್ರಮ ಆಗಸ್ಟ್ 6ರ ಹತ್ತಿರದ ಶನಿವಾರ. ಕೊರೊನಾದ ಎರಡು ವರ್ಷ ಬಿಟ್ಟರೆ ತಪ್ಪಿಲ್ಲ.

ಆಟಿಯಲ್ಲಿ ನುಡಿಸುವುದಕ್ಕೆ ಒಂದು ಶಿಕ್ಷೆಯೂ ಉಂಟು. ಹಿತ್ತಾಳೆಗೆ ನಮ್ಮ ಮಳೆಗಾಲ ಆಗಿಬರುವುದಿಲ್ಲ. ನಮ್ಮ ಟ್ರೊಂಬೋನು ಮೀರತ್ತಿನದು, ಬ್ಯಾಂಡಿನವರ ವಾದ್ಯ ಜಾಸ್ತಿ ಅಲ್ಲಿಂದಲೇ ಬರುವುದು. ಎರಡು ದಿನ ಪೆಟ್ಟಿಗೆಯಲ್ಲಿಟ್ಟರೆ ಒಳಗೆ ಹಸಿರು ಕಿಲುಬು. ಒಮ್ಮೆ ಹೊಸ ಹುಡುಗ ಸ್ಲೈಡು ಬಿಗಿಯಾಯಿತು ಅಂತ ತೆಂಗಿನೆಣ್ಣೆ ಸವರಿದ್ದ. ಕಾರ್ಯಕ್ರಮಕ್ಕೆ ಇನ್ನು ಒಂದು ಗಂಟೆ. ಸ್ಲೈಡು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಮಾಸ್ಟ್ರು ಬೈಯಲೂ ಇಲ್ಲ. ಬಕೆಟಿನಲ್ಲಿ ಉಗುರುಬೆಚ್ಚಗಿನ ನೀರು ತರಿಸಿ, ಸೋಪು ಕರಗಿಸಿ, ಸ್ಲೈಡು ಬಿಚ್ಚಿ ಮುಳುಗಿಸಿದರು. ಕಡ್ಡಿಗೆ ಹಳೆ ಪಂಚೆಯ ಚೂರು ಸುತ್ತಿ ಒಳಗೆ ಎಳೆದರು. ಕಪ್ಪು ಕಪ್ಪು ಗಸಿ ಬಂತು. ಒರೆಸಿ, ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಎರಡು ಹನಿ. ಬೆರಳಲ್ಲಿ ತಳ್ಳಿದರೆ ಸ್ಲೈಡು ತಾನಾಗಿ ಜಾರಿತು. “ತೆಂಗಿನೆಣ್ಣೆ ತಲೆಗೆ” ಅಂದರು, ಅಷ್ಟೇ. ಆ ಬಾಟಲಿ ಈಗ ನಮ್ಮ ಎಲ್ಲರ ಪೆಟ್ಟಿಗೆಯಲ್ಲೂ ಉಂಟು.

ಹುಲಿವೇಷಕ್ಕೆ ಬಾರಿಸುವ ತಾಸೆ ಅನ್ನುವ ಚರ್ಮವಾದ್ಯ ಸೇರಿಸಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಿ ನೋಡಿದ್ದೇವೆ. ತಾಸೆಯ ಪೆಟ್ಟು ಎಡೆಬಿಡದೆ ಸುರಿಯುತ್ತದೆ, ಸ್ಕಾ ನಿಂತಿರುವುದೇ ಪೆಟ್ಟುಗಳ ನಡುವಿನ ಖಾಲಿ ಜಾಗದ ಮೇಲೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಗಿಟಾರು ಕೇಳುವುದೇ ಇಲ್ಲ. ಒಂದೇ ಹಾಡಿನಲ್ಲಿ ಸರಿ ಬಂತು, ಅದರಲ್ಲಿ ತಾಸೆ ಬರುವಾಗ ನಾವೆಲ್ಲ ನಿಲ್ಲಿಸುತ್ತೇವೆ. ಫ್ಯೂಶನ್ ಅಂತ ಸಿಕ್ಕಿದ್ದನ್ನೆಲ್ಲ ಕಲಸುವವರನ್ನು ಕಂಡರೆ ಈಗ ನನಗೆ ಸ್ವಲ್ಪ ಕಿರಿಕಿರಿ. ತುಳು ಸಾಹಿತ್ಯ ಮಾತ್ರ ಚೆನ್ನಾಗಿ ಕೂತಿತು. ತುಳುವಿನ ಪುಟ್ಟ ಪುಟ್ಟ ಮಾತುಗಳು ಆ ‘ಕ’ದ ಮೇಲೆ ಪಟ್ಟನೆ ಬೀಳುತ್ತವೆ.

ನಾವೇ ಮೊದಲು ಅಂತ ನಾನು ಯಾವತ್ತೂ ಹೇಳುವುದಿಲ್ಲ. ದೆಹಲಿಯಲ್ಲಿ ಸ್ಕಾ ವೆಂಜರ್ಸ್ ಬ್ಯಾಂಡು 2009ರಲ್ಲೇ ಶುರುವಾಗಿತ್ತು. ಟೋಕಿಯೊದಲ್ಲಿ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ ಅದಕ್ಕಿಂತ ಎಷ್ಟೋ ಹಳೆಯದು. ನಮ್ಮ ಕಡೆ ಈಗ ಮೂರು ಬ್ಯಾಂಡು. ಒಂದು ನಮ್ಮದು. ಇನ್ನೊಂದು ಕಾಲೇಜು ಹುಡುಗರದ್ದು, ಅದರಲ್ಲಿ ಸ್ಯಾಕ್ಸೊಫೋನು ಇಬ್ಬರೂ ಹುಡುಗಿಯರು, ನಮಗಿಂತ ಚೆನ್ನಾಗಿ ನುಡಿಸುತ್ತಾರೆ. ಮೂರನೆಯದು ಉಡುಪಿಯಲ್ಲಿ ಶುರುವಾಗಿ ನಿಂತು ಮತ್ತೆ ಶುರುವಾಗಿದೆ. ನಮ್ಮ ಹೆಸರು ಮೂರು ಸಲ ಬದಲಾಗಿದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಊರಿನವರು ಇಟ್ಟ ಹೆಸರೇ ಗಟ್ಟಿ: ಚುಕ್ಕು ಬ್ಯಾಂಡು.

ಮೊನ್ನೆ ಮೂಡುಬಿದಿರೆಯಿಂದ ಒಬ್ಬರು ಫೋನ್ ಮಾಡಿದ್ದರು. “ಚುಕ್ಕು ಬ್ಯಾಂಡಿನವರು ನೀವೇಯಾ? ಜನವರಿಯಲ್ಲಿ ಮಗಳ ರೋಸ್ ಉಂಟು, ಅರ್ಧ ಗಂಟೆ ಅದು ಬೇಕಂತೆ ಅವಳಿಗೆ.” ಡೇಟು ಬರೆದುಕೊಂಡು ಮಾಸ್ಟ್ರಿಗೆ ಹೇಳಿದೆ. ಅವರು ಡೈರಿ ತೆರೆದು, ಕನ್ನಡಕ ಏರಿಸಿ, ಬೆರಳಿಟ್ಟು ನೋಡಿದರು. ಅವತ್ತು ಬಜ್ಪೆಯಲ್ಲಿ ಮದುವೆ, ಅಡ್ವಾನ್ಸು ತೆಗೆದುಕೊಂಡಾಗಿದೆ.

“ಆ ಹುಡುಗಿಯರ ನಂಬರು ಕೊಡು ಅವರಿಗೆ” ಅಂದರು. “ಬಿ ಫ್ಲ್ಯಾಟಲ್ಲೇ ನುಡಿಸಲಿಕ್ಕೆ ಹೇಳು.”