ಬೀರು ಇಡುವ ಮೊದಲು ಗೋಡೆಗೆ ಪ್ಲಾಸ್ಟಿಕ್ ಅಂಟಿಸಿ ನೋಡಿ

ಮಡಿಕೇರಿ ಕಡೆ ಹೊಸ ಅಪಾರ್ಟ್‌ಮೆಂಟ್‌ಗೆ ಬರುತ್ತಿರುವವರು ಬೀರು, ಮಂಚ ಎಲ್ಲಿಡಬೇಕು ಅಂತ ತೀರ್ಮಾನಿಸುವ ಮೊದಲು ಗೋಡೆಯಲ್ಲಿ ತೇವ ಇದೆಯಾ ಅಂತ ನೋಡಲು ಒಂದು ಕೆಲಸ ಮಾಡಿ. ಹೊರಗೋಡೆಯ ಒಳಭಾಗಕ್ಕೆ ಒಂದಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆ ಕಡೆ, ಸಣ್ಣ ಸಣ್ಣ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಆ ಕಡೆ ಏನೂ ಇಡಬೇಡಿ, ಮೊದಲು ಮಾಲೀಕರಿಗೆ ತೋರಿಸಿ. ಹನಿ ಮುಂಬದಿಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ತಣ್ಣನೆ ಗೋಡೆಗೆ ತಾಗಿ ನೀರಾಗಿದೆ. ಆಗ ಗೋಡೆಗೂ ಬೀರುವಿಗೂ ನಾಲ್ಕು ಇಂಚು ಜಾಗ ಬಿಟ್ಟು, ಕಾಲಿನ ಕೆಳಗೆ ಮರದ ತುಂಡು ಕೊಟ್ಟರೆ ಸಾಕು. ಹಿಂದೆ ಗಾಳಿ ಆಡುತ್ತದೆ, ಸೀರೆ, ಕೋಟುಗಳಿಗೆ ಬೂಷ್ಟು ಹಿಡಿಯುವುದು ಬಹಳ ಕಮ್ಮಿಯಾಗುತ್ತದೆ. ನಮ್ಮಲ್ಲಿ ಮಳೆಗಾಳಿ ಹೊಡೆಯುವುದು ಜಾಸ್ತಿ ನೈಋತ್ಯದಿಂದ, ಅಲ್ವಾ? ಹಾಗಾಗಿ ದಕ್ಷಿಣ, ಪಶ್ಚಿಮದ ಗೋಡೆಗಳನ್ನು ಬಿಡದೆ ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಈ ಪರೀಕ್ಷೆ ನಂಬಬೇಡಿ. ಬಿಸಿಲಿಗೆ ಒಣಗಿದ ಗೋಡೆ ಸುಮ್ನೆ ಚೆನ್ನಾಗಿಯೇ ಕಾಣುತ್ತದೆ. ಒಂದು ವಾರ ಬಿಡದೆ ಮಳೆ ಬಂದ ಮೇಲೆ ಮಾಡಿದರೇ ನಿಜ ಗೊತ್ತಾಗುವುದು. ಬೇಸಿಗೆಯಲ್ಲೇ ಮನೆಗೆ ಬರುವುದಾದರೆ ಬೀರುವನ್ನು ಒಳಗೋಡೆಗೇ ಇಡಿ. ಟೇಪ್ ಒಂದು ಕಡೆ ಬಿಟ್ಟುಕೊಂಡಿದ್ದರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಮತ್ತೆ ಅಂಟಿಸಬೇಕು.