ವಿದ್ಯುತ್ ಎಸ್‌ಯುವಿ ಮತ್ತು ಪ್ಲಗ್-ಇನ್ ಹೈಬ್ರಿಡ್: ಪಿಕಪ್ ಅಳೆದು ಹೋಲಿಸುವ ಬಗೆ

ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದಿಂದ ಮೇಲುಕೋಟೆಯ ಕಡೆಗೆ ಕಾರು ಓಡಿಸಿದವರಿಗೆ ಪಿಕಪ್ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೂಗಾಡುತ್ತ ಸಾಗುವ ಟ್ರ್ಯಾಕ್ಟರ್, ಟ್ರೇಲರಿನ ಎರಡೂ ಬದಿಗೆ ಚಾಚಿಕೊಂಡ ಕಬ್ಬು, ದೂರದಲ್ಲಿ ಎದುರಾಗುವ ಬಸ್ಸು. ಇವುಗಳ ನಡುವೆ ಸಿಗುವ ಕೆಲವೇ ಸೆಕೆಂಡುಗಳಲ್ಲಿ ವಾಹನ 30ರಿಂದ 80ಕ್ಕೆ ಏರಬೇಕಾಗುತ್ತದೆ. ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ 0–100ರ ಅಂಕಿ, ಎಂದರೆ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಹಿಡಿಯುವ ಸಮಯ, ಆ ಹೊತ್ತಿಗೆ ಹೆಚ್ಚು ಸಹಾಯ ಮಾಡುವುದಿಲ್ಲ. ವಿದ್ಯುತ್ ಎಸ್‌ಯುವಿಯನ್ನೂ ಪ್ಲಗ್-ಇನ್ ಹೈಬ್ರಿಡನ್ನೂ ಹೋಲಿಸುವವರು 30–80ರ ಅಳತೆಯನ್ನೇ ಮುಖ್ಯವಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ಪ್ಲಗ್-ಇನ್ ಹೈಬ್ರಿಡ್ ಎಂದರೆ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇದ್ದು, ಹೊರಗಿನಿಂದ ಚಾರ್ಜರ್ ಚುಚ್ಚಿ ಬ್ಯಾಟರಿ ತುಂಬಬಹುದಾದ ವಾಹನ. ನಮ್ಮ ರಸ್ತೆಗಳಲ್ಲಿ ಕಾಣುವ ಇನ್ನೋವಾ ಹೈಕ್ರಾಸ್, ಹೈರೈಡರ್‌ಗಳ ಹೈಬ್ರಿಡ್ ಮಾದರಿಗಳಿಗೆ ಚಾರ್ಜರ್ ಚುಚ್ಚುವ ಅವಕಾಶವಿಲ್ಲ. ಅವು ಪ್ಲಗ್-ಇನ್ ಅಲ್ಲ. ಬಿಎಂಡಬ್ಲ್ಯು ಎಕ್ಸ್‌ಎಂನಂಥವು ಮಾತ್ರ ಆ ಗುಂಪಿಗೆ ಸೇರುತ್ತವೆ.

ಎರಡನೆಯದು ಅಂಕಿಗಳನ್ನು ಒಂದೇ ತಕ್ಕಡಿಗೆ ತರುವುದು. 79 ಕಿಲೋವ್ಯಾಟ್-ಗಂಟೆ ಬ್ಯಾಟರಿಯ ಮಹೀಂದ್ರಾ ಬಿಇ 6 ಎಂಬ ವಿದ್ಯುತ್ ವಾಹನಕ್ಕೆ ಕಂಪನಿಯೇ ಹೇಳಿಕೊಂಡಿರುವ 6.7 ಸೆಕೆಂಡು 0–100 ಕಿ.ಮೀ.ನ ಲೆಕ್ಕ. ಟೊಯೋಟಾ ರಾವ್4 ಪ್ರೈಮ್ ಎಂಬ ಪ್ಲಗ್-ಇನ್ ಹೈಬ್ರಿಡ್‌ಗೆ ಅಮೆರಿಕದಲ್ಲಿ ಹೇಳಿದ 5.7 ಸೆಕೆಂಡು 0–60 ಮೈಲಿಯ ಲೆಕ್ಕ, ಎಂದರೆ ಸುಮಾರು 96.5 ಕಿ.ಮೀ. ಮಾತ್ರ. ಅಲ್ಲಿನ ಎಷ್ಟೋ ಪತ್ರಿಕೆಗಳು ವಾಹನ ಮೊದಲ ಒಂದು ಅಡಿ ಉರುಳುವ ಸಮಯವನ್ನು ಬಿಟ್ಟು ಎಣಿಸುವುದರಿಂದ ಇನ್ನೂ ಕಾಲು ಸೆಕೆಂಡಿನಷ್ಟು ಕಡಿಮೆ ಕಾಣುತ್ತದೆ. ಶಕ್ತಿಯನ್ನು ಒಂದು ಕಡೆ ಕಿಲೋವ್ಯಾಟ್‌ನಲ್ಲಿ, ಇನ್ನೊಂದು ಕಡೆ ಪಿಎಸ್‌ನಲ್ಲಿ (ಮೆಟ್ರಿಕ್ ಅಶ್ವಶಕ್ತಿ) ಕೊಟ್ಟಿದ್ದರೆ 1 ಕಿಲೋವ್ಯಾಟ್‌ಗೆ 1.36 ಪಿಎಸ್ ಎಂದು ಪರಿವರ್ತಿಸಿಕೊಳ್ಳಬೇಕು. ಹೈಬ್ರಿಡ್‌ನ ಎಂಜಿನ್ ಮತ್ತು ಮೋಟಾರಿನ ಶಕ್ತಿಯನ್ನು ನಾವೇ ಕೂಡಿಸುವುದು ತಪ್ಪು. ಎರಡೂ ತಮ್ಮ ಗರಿಷ್ಠವನ್ನು ಒಂದೇ ಗಳಿಗೆಯಲ್ಲಿ ಮುಟ್ಟಬೇಕೆಂದೇನೂ ಇಲ್ಲ, ಹೀಗಾಗಿ ಕಂಪನಿ ಕೊಡುವ ಒಟ್ಟು ಶಕ್ತಿಯ ಅಂಕಿಯನ್ನೇ ನೋಡಬೇಕು.

ಈಗ ಮುಖ್ಯ ಸಂಗತಿ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಟಾರ್ಕ್, ಎಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಸಾಮಾನ್ಯವಾಗಿ ಗೇರ್ ಬದಲಾವಣೆಯೂ ಇಲ್ಲದ್ದರಿಂದ ಪೆಡಲ್ ತುಳಿದ ಕೂಡಲೇ ವಾಹನ ಮುನ್ನುಗ್ಗುತ್ತದೆ. ಪ್ಲಗ್-ಇನ್ ಹೈಬ್ರಿಡ್ ಹಾಗಲ್ಲ, ಅದು ಒಂದೇ ಬಾಡಿಯೊಳಗಿರುವ ಎರಡು ವಾಹನ. ಬ್ಯಾಟರಿ ತುಂಬಿದ್ದಾಗ ಮೋಟಾರು ಮತ್ತು ಎಂಜಿನ್ ಒಟ್ಟಿಗೆ ಎಳೆಯುತ್ತವೆ. ಚಾರ್ಜ್ ಇಳಿದ ಮೇಲೆ ಮೋಟಾರಿಗೆ ಸಿಗುವುದು ಕಾಯ್ದಿಟ್ಟ ಅಲ್ಪ ಭಾಗ. ಆದರೆ ಬ್ಯಾಟರಿಯ ತೂಕ ಮಾತ್ರ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ. ಹಲವು ಮಾದರಿಗಳಲ್ಲಿ ಮಲಗಿದ್ದ ಎಂಜಿನ್ ಎದ್ದು, ಗೇರು ಕೆಳಗಿಳಿದು, ಎಳೆತ ಆರಂಭವಾಗುವ ಹೊತ್ತಿಗೆ ಅರ್ಧ ಸೆಕೆಂಡೋ ಅದಕ್ಕಿಂತ ಹೆಚ್ಚೋ ಕಳೆದಿರುತ್ತದೆ. ಆದ್ದರಿಂದ ಹೈಬ್ರಿಡನ್ನು ಎರಡು ಸಲ ಅಳೆಯದೆ ತೀರ್ಪು ಕೊಡಬಾರದು: ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಇನ್ನೊಮ್ಮೆ ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಬಂದು ಬ್ಯಾಟರಿ ಖಾಲಿಯಾದ ಮೇಲೆ. ನ್ಯಾಯವಾಗಿ, ವಿದ್ಯುತ್ ವಾಹನವನ್ನೂ 80% ಚಾರ್ಜ್‌ನಲ್ಲಿ ಒಮ್ಮೆ, 20%ಕ್ಕಿಂತ ಕೆಳಗೆ ಒಮ್ಮೆ ಅಳೆಯಬೇಕು; ಚಾರ್ಜ್ ತೀರ ಇಳಿದಾಗ ಅದೂ ಶಕ್ತಿಯನ್ನು ಹಿಡಿತದಲ್ಲಿಡಬಹುದು.

ನಮ್ಮ ಊರಿನ ಎತ್ತರವೂ ಈ ಲೆಕ್ಕಕ್ಕೆ ಬರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 100 ಮೀಟರಿಗೆ ಸರಿಸುಮಾರು 1% ಶಕ್ತಿ ಕಳೆದುಕೊಳ್ಳುವುದರಿಂದ, ಅಂಥ ಎಂಜಿನ್ನಿನ ಹೈಬ್ರಿಡ್ ಇಲ್ಲಿ 7–8% ಸೊರಗಿದ ಎಂಜಿನ್ನಿನೊಂದಿಗೇ ಓಡುತ್ತದೆ. ಮೋಟಾರಿಗೆ ಈ ಬಾಧೆ ಇಲ್ಲ.

ಸ್ಥಳದ ವಿಚಾರದಲ್ಲಿ ಉದಾಸೀನ ಕೂಡದು. ಮೈಸೂರು–ಬೆಂಗಳೂರು ಹೆದ್ದಾರಿ ನೇರವಾಗಿದೆ ಎಂದು ಅಲ್ಲಿ ಪರೀಕ್ಷೆಗೆ ಇಳಿಯಬೇಡಿ. ಸಾರ್ವಜನಿಕ ರಸ್ತೆಯಲ್ಲಿ ವಾಹನಗಳ ನಡುವೆ ವೇಗದ ಸ್ಪರ್ಧೆ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಊರಿನ ಹೊರವಲಯದಲ್ಲಿ ಸೈಟು ಹಂಚಿ ಇನ್ನೂ ಮನೆ ಏಳದ ಖಾಸಗಿ ಬಡಾವಣೆಗಳಿರುತ್ತವೆ. ಮಾಲೀಕರ ಒಪ್ಪಿಗೆ ಪಡೆದು, ಗೇಟು ಹಾಕಿಸಿ, ಕನಿಷ್ಠ 400 ಮೀಟರ್ ನೇರ ರಸ್ತೆಯಲ್ಲಿ ಒಂದೊಂದೇ ವಾಹನವನ್ನು ಓಡಿಸಬೇಕು. ಮೊದಲು ಆ ಉದ್ದವನ್ನು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ನಾನು ಹೋದ ಬಡಾವಣೆಯೊಂದರಲ್ಲಿ ಬಣ್ಣ ಬಳಿಯದ ಹಂಪೊಂದು ನೆರಳಿನಲ್ಲಿ ಅಡಗಿ ಕುಳಿತಿತ್ತು, ನಡೆದು ನೋಡದಿದ್ದರೆ ಖಂಡಿತ ಕಾಣುತ್ತಿರಲಿಲ್ಲ.

ಅಳೆಯಲು ದುಬಾರಿ ಸಾಧನ ಬೇಕಿಲ್ಲ, ಆದರೆ ಫೋನಿನ ಜಿಪಿಎಸ್ ಒಂದನ್ನೇ ನಂಬಬಾರದು. ಅದು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ವೇಗವನ್ನು ಹೊಸದಾಗಿ ತೋರಿಸುವುದರಿಂದ, ನಾಲ್ಕೈದು ಸೆಕೆಂಡಿನ ಓಟದಲ್ಲಿ ದೊಡ್ಡ ತಪ್ಪೇ ನುಸುಳುತ್ತದೆ. ಸ್ಪೀಡೋಮೀಟರ್ ಮತ್ತು ಆಕ್ಸಲರೇಟರ್ ಪೆಡಲ್ ಎರಡನ್ನೂ ಎರಡು ಫೋನುಗಳಲ್ಲಿ ವಿಡಿಯೋ ಮಾಡಿ, ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿ, ಆ ಸದ್ದಿನಿಂದ ಎರಡನ್ನೂ ಹೊಂದಿಸಿಕೊಳ್ಳಿ. ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಪೆಡಲ್ ಕೆಳಗಿಳಿದ ಫ್ರೇಮಿನಿಂದ 80 ಕಾಣಿಸುವ ಫ್ರೇಮಿನವರೆಗೆ 138 ಎಣಿಕೆಯಾದರೆ 4.6 ಸೆಕೆಂಡು. ಹೀಗೆ ಪೆಡಲಿನಿಂದಲೇ ಎಣಿಸಿದರೆ ಎಂಜಿನ್ ಎಚ್ಚರಗೊಳ್ಳುವ ತಡವೂ ಲೆಕ್ಕದೊಳಗೆ ಬರುತ್ತದೆ. ಸ್ಪೀಡೋಮೀಟರ್‌ಗಳು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವುದು ವಾಡಿಕೆ. ಒಮ್ಮೆ ಸ್ಥಿರವಾಗಿ 60ರಲ್ಲಿ ಓಡಿಸಿ ಜಿಪಿಎಸ್‌ಗೆ ತಾಳೆ ನೋಡಿದರೆ ಆ ವ್ಯತ್ಯಾಸ ತಿಳಿಯುತ್ತದೆ.

ಪ್ರತಿ ಸ್ಥಿತಿಯಲ್ಲೂ ಎರಡೂ ದಿಕ್ಕಿಗೆ ಮೂರು ಮೂರು ಸಲ ಓಡಿಸಿ ಸರಾಸರಿ ತೆಗೆಯಬೇಕು. ಕಣ್ಣಿಗೆ ಕಾಣದ 1% ಏರು ಕೂಡ ವೇಗೋತ್ಕರ್ಷವನ್ನು, ಎಂದರೆ ವೇಗ ಏರುವ ದರವನ್ನು, ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 0.1 ಮೀಟರಿನಷ್ಟು ತಗ್ಗಿಸುತ್ತದೆ. ಎಸಿ, ಟೈರಿನ ಗಾಳಿ, ಡ್ರೈವ್ ಮೋಡ್ ಎರಡರಲ್ಲೂ ಒಂದೇ ರೀತಿ ಇರಲಿ. ಹೈಬ್ರಿಡ್ ವಿದ್ಯುತ್-ಮಾತ್ರ ಮೋಡ್‌ನಲ್ಲಿ ಉಳಿದಿದ್ದರೆ ಇಡೀ ಅಳತೆ ಕೆಟ್ಟಂತೆಯೇ. ಮನೆಯವರೆಲ್ಲ ಸೇರಿ ಹೋಗುವ ವಾಹನವಾದರೆ ನಾಲ್ವರನ್ನು ಕೂರಿಸಿಯೇ ಅಳೆಯಿರಿ. 2,100 ಕಿಲೋ ವಾಹನಕ್ಕೆ 300 ಕಿಲೋ ಎಂದರೆ ಏಳರಲ್ಲೊಂದು ಪಾಲು ಹೆಚ್ಚಿನ ಹೊರೆ.

ಕೊನೆಗೆ ಕೈಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮನೆಯಲ್ಲಿ ದಿನವೂ ಚಾರ್ಜ್ ಮಾಡುವ ಅನುಕೂಲವಿದ್ದು ಓಡಾಟ ನಗರದೊಳಗೇ ಇದ್ದರೆ ಹೈಬ್ರಿಡ್‌ನ ಬ್ಯಾಟರಿ ತುಂಬಿದಾಗಿನ ಅಂಕಿಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಖಾಲಿಯಾದಾಗಿನದೇ ನಿಜವಾದ ಅಂಕಿ. ಎರಡು ವಾಹನಗಳ ನಡುವೆ ಒಂದು ಸೆಕೆಂಡಿನ ಅಂತರ ಬಂದರೆ ಅದನ್ನು ಟ್ರ್ಯಾಕ್ಟರಿನ ಪಕ್ಕದಲ್ಲಿಟ್ಟು ನೋಡಿ: 80ರ ವೇಗದಲ್ಲಿ ನೀವು ಒಂದು ಸೆಕೆಂಡಿಗೆ 22 ಮೀಟರ್ ಸಾಗಿದರೆ, 60ರಲ್ಲಿ ಬರುವ ಎದುರಿನ ಬಸ್ಸು ಅಷ್ಟರಲ್ಲಿ ಸುಮಾರು 17 ಮೀಟರ್ ಹತ್ತಿರವಾಗಿರುತ್ತದೆ.