ಸಾರಸ ಜೋಡಿಯಲ್ಲಿ ಗಂಡು ಯಾವುದು? ನಾನು ಕಿವಿಯಿಂದ ಹೇಳುತ್ತೇನೆ

ಸಾರಸ ಎಂಬ ಕ್ರೇನ್ ಹಕ್ಕಿಯಲ್ಲಿ ಗಂಡು, ಹೆಣ್ಣು ನೋಡಲು ಒಂದೇ ಥರ. ಗಂಡು ಚೂರು ದೊಡ್ಡದು ನಿಜ. ಆದರೆ ಒಂದು ಬದುವಿನ ಮೇಲೆ, ಇನ್ನೊಂದು ಕೆಸರಲ್ಲಿ ನಿಂತಿದ್ದರೆ ಆ ಲೆಕ್ಕ ಕೈಕೊಡುತ್ತದೆ. ಜೋಡಿಯಾಗಿ ಕೂಗುವಾಗ ಗಂಡು ಮಾತ್ರ ರೆಕ್ಕೆಯನ್ನು ಬೆನ್ನಿನ ಮೇಲಕ್ಕೆ ಎತ್ತುತ್ತದೆ, ಅದೂ ಗೊತ್ತಿರುವುದೇ. ಬೆಳಗಿನ ಮಂಜಿನಲ್ಲಿ, ಎತ್ತರದ ಜೊಂಡಿನ ಹಿಂದೆ ರೆಕ್ಕೆ ಎಲ್ಲಿ ಕಾಣಬೇಕು? ಗಂಡಿನ ಒಂದು ಕೂಗಿಗೆ ಹೆಣ್ಣು ಸಾಮಾನ್ಯವಾಗಿ ಎರಡು ಕೂಗು ಕೊಡುತ್ತದೆ. ನಾನು ಹಿಡಿದದ್ದು ಇದನ್ನೇ.

ಲೆನ್ಸಿಗೆ ಲಕ್ಷಗಟ್ಟಲೆ ಸುರಿದ ಗೆಳೆಯರು ನಕ್ಕರು. "ಗುರೂ, ಫೋಟೋ ಇಲ್ಲದ ದಾಖಲೆಯನ್ನ ಯಾರು ನಂಬ್ತಾರೆ?" ಅಂತ ಒಬ್ಬ. ಕೆಲಸದ ಮೇಲೆ ಅಹಮದಾಬಾದಿನಲ್ಲಿರುವ ನನಗೆ ಖೇಡಾ ಜಿಲ್ಲೆಯ ಭತ್ತದ ಗದ್ದೆಗಳು, ಪರಿಯೇಜ್ ಕೆರೆ ಎಲ್ಲ ಬೈಕಿನ ದೂರ. ಹಾಗಾಗಿ ಹಟ ಹಿಡಿದೆ.

ಮೊದಲು ಮೊಬೈಲ್. ಗಾಳಿಯ ಬುಸುಬುಸು ಬಿಟ್ಟು ಬೇರೇನೂ ಸಿಗಲಿಲ್ಲ. ಆಮೇಲೆ ಹನ್ನೆರಡು ಸಾವಿರದ ಆಸುಪಾಸಿಗೆ ಒಂದು ಹಳೇ ಸ್ಟೀರಿಯೋ ರೆಕಾರ್ಡರ್ ಕೊಂಡೆ. ಅದಕ್ಕೆ ಕಂಪನಿಯ ಗಾಳಿಕವಚ ಬೇಕೆಂದರೆ ಇನ್ನೂ ನಾಲ್ಕೈದು ಸಾವಿರ. ರೋಮದ ಬಟ್ಟೆ ತಂದು ಹೊಲಿಸಿದೆ, ಇನ್ನೂರು ರೂಪಾಯಿ ದಾಟಲಿಲ್ಲ. ಎರಡನೇ ಮಳೆಗಾಲದಲ್ಲಿ ರೆಕಾರ್ಡರಿಗೆ ನೀರು ಹೊಕ್ಕು ರಿಪೇರಿಗೆ ಮೂರು ಸಾವಿರ ಹೋಯಿತು. ಮನೆಯಲ್ಲಿ ಆ ವಿಷಯ ಈಗಲೂ ಎತ್ತುವ ಹಾಗಿಲ್ಲ.

ನಡುವೆ ಒಂದು ಹುಚ್ಚಾಟ. ಮನೆ ಮೇಲೆ ಸುಮ್ನೆ ಬಿದ್ದಿದ್ದ ಡಿಟಿಎಚ್ ತಟ್ಟೆಗೆ ಮೈಕ್ ಕಟ್ಟಿದೆ. ಆ ತಟ್ಟೆಯ ಕೇಂದ್ರಬಿಂದು ನಟ್ಟನಡುವೆ ಇರುವುದಿಲ್ಲ ಅಲ್ವಾ, ಅದರ ತೋಳಿನ ತುದಿಯಲ್ಲೇ ಮೈಕ್ ಇರಬೇಕು. ಸರಿಮಾಡಿದ ಮೇಲೂ ಅರ್ಧ ಜಯ ಅಷ್ಟೇ. 60 ಸೆಂ.ಮೀ. ತಟ್ಟೆ ಸುಮಾರು 550 ಹರ್ಟ್ಜ್‌ಗಿಂತ ಕೆಳಗಿನ ಸ್ವರವನ್ನು ಹೆಚ್ಚಿಸುವುದಿಲ್ಲ. ಮರಿಗಳ ಸಣ್ಣ ದನಿಗೆ ಮಾತ್ರ ಭೇಷ್.

ಆ ಸಣ್ಣ ದನಿಯೇ ಚಳಿಗಾಲದಲ್ಲಿ ಕೆಲಸಕ್ಕೆ ಬಂತು. ನಲ್ ಸರೋವರದ ಕಡೆ ಕಾಮನ್ ಕ್ರೇನ್, ಡೆಮೊಯ್ಸೆಲ್ ಕ್ರೇನ್ ಎಂಬ ಎರಡು ವಲಸೆ ಜಾತಿಗಳೂ ಇಳಿಯುತ್ತವೆ. ಊರವರಿಗೆ ಎರಡೂ ಕುಂಜ್. ಹಗಲಲ್ಲಾದರೆ ಕತ್ತಿನ ಕಪ್ಪು ಎದೆಯವರೆಗೂ ಇಳಿದಿದ್ದರೆ ಡೆಮೊಯ್ಸೆಲ್ ಅಂತ ನೀವೂ ಹೇಳುತ್ತೀರಿ. ಬೆಳಕು ಹರಿಯುವ ಮೊದಲು ತಲೆ ಮೇಲೆ ಹಾರಿದರೆ? ಕಾಮನ್ ಕ್ರೇನಿನದು ತುಂಬಿದ ಕಹಳೆ. ಡೆಮೊಯ್ಸೆಲ್ ಒಣಗಿದ, ಗರಗರ ದನಿ. ಏಕೆಂದರೆ ಕಹಳೆಯ ಗತ್ತು ಕೊಡುವ ಶ್ವಾಸನಾಳ ಅದರ ಎದೆಮೂಳೆಯೊಳಗೆ ಅಷ್ಟು ಸುತ್ತಿಕೊಂಡಿರುವುದಿಲ್ಲ. ಎರಡು ಜಾತಿಯಲ್ಲೂ ಆ ವರ್ಷದ ಮರಿಗಳು ಚಳಿಗಾಲದಲ್ಲೂ "ಪೀ... ಪೀ" ಅನ್ನುತ್ತವೆ, ಗಂಟಲು ಒಡೆದಿರುವುದಿಲ್ಲ. ಹಾಗಾಗಿ ಯಾವ ಹಿಂಡಿನ ಜೊತೆ ಮರಿ ಬಂದಿದೆ ಅಂತ ಕತ್ತಲಲ್ಲೇ ಗೊತ್ತಾಗುತ್ತದೆ.

ಒಂದು ಮೃಗಾಲಯದಲ್ಲಿ ಆಫ್ರಿಕಾದ ಕಿರೀಟದ ಕ್ರೇನ್ ಕೂಗನ್ನೂ ಹಿಡಿದೆ. ಅದರ ಶ್ವಾಸನಾಳಕ್ಕೆ ಸುತ್ತೇ ಇಲ್ಲ, ಕೂಗಿನಲ್ಲಿ ಗತ್ತೂ ಇಲ್ಲ. ಹಿಂಬೆರಳು ಉದ್ದ ಇರುವುದರಿಂದ ಮರದ ಮೇಲೆ ಕೂರುತ್ತದೆ. ಜಗತ್ತಿನ 15 ಜಾತಿಯಲ್ಲಿ ಅದು ಮತ್ತು ಅದರ ಅಣ್ಣತಮ್ಮ ಕಪ್ಪು ಕಿರೀಟದ್ದು, ಎರಡಕ್ಕೇ ಆ ಸುಖ. ಸೈಬೀರಿಯನ್ ಕ್ರೇನಿನ ಕೊಳಲಿನಂಥ ದನಿಗೆ ಹಳೇ ರೆಕಾರ್ಡಿಂಗೇ ಗತಿ. ರಾಜಸ್ಥಾನದ ಭರತಪುರಕ್ಕೆ 2002ರ ನಂತರ ಬಂದಿಲ್ಲ, ಈಗ ಚೀನಾದ ಪೊಯಾಂಗ್ ಸರೋವರಕ್ಕೇ ಹೋಗಬೇಕು. ಅಷ್ಟು ದುಡ್ಡು ಇಲ್ಲ.

ಸಾರಸ ಜೋಡಿಯ ಪರೀಕ್ಷೆ ಹೀಗೆ ನಡೆಯಿತು. ನಾನು ಹಕ್ಕಿಗೆ ಬೆನ್ನು ಹಾಕಿ ಹೆಡ್‌ಫೋನ್ ಹಾಕಿಕೊಂಡು "ಎಡಗಡೆಯದು ಗಂಡು" ಎಂದು ಚೀಟಿಯಲ್ಲಿ ಬರೆಯುವುದು. ಅದೇ ನಕ್ಕ ಗೆಳೆಯ ಸ್ಕೋಪಿನಲ್ಲಿ ರೆಕ್ಕೆ ನೋಡಿ ತನ್ನ ಚೀಟಿ ಬರೆಯುವುದು. ಹತ್ತರಲ್ಲಿ ಎಂಟೊಂಬತ್ತು ತಾಳೆಯಾದವು. ತಪ್ಪಿದ್ದೆಲ್ಲ ಬಹುಶಃ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ದೂರದವು. ಅಲ್ಲಿ ಎಡ ಬಲ ಕಲಸಿಹೋಗುತ್ತದೆ. ಈಗ ಅವನೇ ರೆಕಾರ್ಡರ್ ಬೆಲೆ ಕೇಳುತ್ತಿದ್ದಾನೆ.

ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ 250 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ, ಗಾಳಿ ಸದ್ದು ಬಹುಪಾಲು ಹೋಗುತ್ತದೆ. ರಾತ್ರಿಯಿಡೀ ಬಿಡುವ ರೆಕಾರ್ಡರನ್ನು ಎಲ್ಲಿ, ಎಷ್ಟು ಎತ್ತರಕ್ಕೆ ಕಟ್ಟುತ್ತೇನೆ ಅಂತ ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ಚಳಿಗಾಲ ಅಲ್ಲಿ ಹತ್ತು ಟ್ರೈಪಾಡ್ ನಿಂತಿರುತ್ತವೆ.

ಈ ಸಲ ಬೀದರಿಗೆ ಹೋಗಬೇಕು. ಕಾರಂಜಾ ಹಿನ್ನೀರಿಗೆ ಡೆಮೊಯ್ಸೆಲ್ ಬರುತ್ತವೆ, ಮರಿಗಳ ದನಿ ಎಷ್ಟು ಸಿಗುತ್ತದೋ ನೋಡೋಣ. ಜೊತೆಗೆ ಬರುವವರು ಬನ್ನಿ, ಬ್ಯಾಟರಿ ನಿಮ್ಮದೇ ತನ್ನಿ. ಕೂಗು ಕೇಳಿಸಿ ಹಕ್ಕಿ ಕರೆಯುವ ಪ್ಲೇಬ್ಯಾಕ್ ಮಂದಿ ಬೇಡ. ಖೇಡಾದಲ್ಲಿ ಕಾವು ಕೂತ ಸಾರಸಕ್ಕೆ ಅದನ್ನು ಹಾಕುತ್ತಿದ್ದವರನ್ನು ನೋಡಿದ್ದೇನೆ. ಜಗಳಕ್ಕೆಂದು ಜೋಡಿ ಎದ್ದು ಬಂದರೆ ಮೊಟ್ಟೆ ಕಾಗೆ ಪಾಲು.